ಮೀನಿಗೂ ಸೆಕೆ

ಏಪ್ರಿಲ್ ತಿಂಗಳಲ್ಲಿ ನಮ್ಮವರಿಬ್ಬರು ಎದುರಾದರೆ ಮಾತು ಶುರುವಾಗುವುದೇ ಸೆಕೆಯಿಂದ. ಸೆಕೆಯಲ್ಲೂ ಮೇಲು ಕೀಳು ಉಂಟು. ಬೆಂಗಳೂರಿನವರು 35 ಡಿಗ್ರಿಗೆ 'ಉಸ್ಸಪ್ಪಾ' ಎಂದರೆ ರಾಯಚೂರಿನವರು ಮೀಸೆಯಡಿಯಲ್ಲಿ ನಗುತ್ತಾರೆ. 'ನಿಮ್ಮದೆಲ್ಲ ಒಣ ಸೆಕೆ ಮಾರಾಯ್ರೆ, ಬೆವರು ಅಂದ್ರೆ ಏನೂಂತ ಗೊತ್ತುಂಟಾ?' ಎಂದು ಮಂಗಳೂರಿನವರು ಇಬ್ಬರನ್ನೂ ಬದಿಗೆ ಸರಿಸುತ್ತಾರೆ. ಈ ಸ್ಪರ್ಧೆಗೆ ಅರ್ಜಿಯನ್ನೇ ಹಾಕದ ಜೀವಿಯೊಂದು ಕೆರೆಯಲ್ಲಿದೆ. ನೀರಲ್ಲೇ ಬಿದ್ದಿರುವ ಮೀನಿಗೆ ಎಂಥ ಸೆಕೆ ಎಂದು ನಾವೂ ಅದನ್ನು ವಿಚಾರಿಸಲು ಹೋಗಿಲ್ಲ.

ಆದರೆ ನೀರೇ ಕಾದರೆ? ಮೀನಿಗೆ ಬೆವರಿಲ್ಲ. ನೀರು ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಕಡಲಿನ ಮೀನಾದರೆ ತಂಪು ಹುಡುಕಿಕೊಂಡು ದೂರ ಹೋದೀತು; ಕೆರೆಯ ಮೀನಿನ ಪ್ರಪಂಚ ಏರಿಗೆ ಮುಗಿಯುತ್ತದೆ. ಇದರ ಮೇಲೆ ಇನ್ನೊಂದು ಫಜೀತಿ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯದು ಹಿಡಿಯುವುದು ಏಳೂವರೆ. ಮೈ ಕಾದಂತೆ ಉಸಿರು ಹೆಚ್ಚು ಬೇಕು, ನೀರು ಕಾದಂತೆ ಉಸಿರು ಕಡಿಮೆ ಸಿಗುತ್ತದೆ.

ಆಗ ಮೀನು ಮೊರೆ ಹೋಗುವುದು ತನ್ನ ಜೀನುಗಳಿಗೆ. ಸೆಕೆಗೆ ಎಚ್ಚರಾಗುವ ಜೀನುಗಳಿವೆ ಎಂದು ಮೊದಲು ಗೊತ್ತಾದದ್ದು ಮಾತ್ರ ಮೀನಿನಿಂದಲ್ಲ, ಹಣ್ಣಿನ ನೊಣದಿಂದ. ಇಟಲಿಯ ಫೆರುಚ್ಚೊ ರಿತೊಸ್ಸಾ ಎಂಬ ವಿಜ್ಞಾನಿಯ ನೊಣಗಳಿದ್ದ ಪೆಟ್ಟಿಗೆಯ ಶಾಖವನ್ನು ಸಹೋದ್ಯೋಗಿಯೊಬ್ಬರು ಏರಿಸಿಬಿಟ್ಟಿದ್ದರು. ಕೇಳದೆ ರೆಗ್ಯುಲೇಟರ್ ತಿರುವುವವರು ಯಾವ ದೇಶದ ಕಚೇರಿಯಲ್ಲೂ ಇರುತ್ತಾರೆ. ರಿತೊಸ್ಸಾ ನೋಡಿದರೆ ನೊಣದ ವರ್ಣತಂತುಗಳ ಮೇಲೆ ಹೊಸ ಜಾಗಗಳಲ್ಲಿ ಉಬ್ಬುಗಳೆದ್ದಿವೆ. ಅಂದರೆ ಅಲ್ಲಿನ ಜೀನುಗಳು ಕೆಲಸಕ್ಕೆ ಇಳಿದಿವೆ. ಹೆಸರಾಂತ ಪತ್ರಿಕೆಯೊಂದು 'ಇದಕ್ಕೇನೂ ಮಹತ್ವವಿಲ್ಲ' ಎಂದು ಲೇಖನವನ್ನು ಹಿಂದಿರುಗಿಸಿತಂತೆ. 1962ರಲ್ಲಿ ಅದು ಬೇರೆಡೆ ಅಚ್ಚಾಯಿತು. ಮುಂದೆ ನೋಡಿದರೆ ಬ್ಯಾಕ್ಟೀರಿಯಾದಿಂದ ಮನುಷ್ಯರವರೆಗೆ ಹೆಚ್ಚುಕಡಿಮೆ ಎಲ್ಲರಲ್ಲೂ ಈ ಏರ್ಪಾಡು ಇತ್ತು.

ಏನು ಏರ್ಪಾಡು? ಜೀವಕೋಶದ ಪ್ರೋಟೀನುಗಳು ಸರಿಯಾಗಿ ಮಡಿಚಿಕೊಂಡಿದ್ದರೆ ಮಾತ್ರ ಕೆಲಸ ಮಾಡುತ್ತವೆ. ಶಾಖ ಹೆಚ್ಚಾದರೆ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೆಂದ ಮೊಟ್ಟೆಯ ಬಿಳಿಯಲ್ಲಿ ಆಗಿರುವುದೂ ಅದೇ. ಬಿಚ್ಚಿದ್ದನ್ನು ಮತ್ತೆ ಮಡಿಚಿಡುವ, ಕೈಮೀರಿದ್ದನ್ನು ಗುಜರಿಗೆ ಕಳಿಸುವ ಪ್ರೋಟೀನುಗಳೇ ಬೇರೆ ಇವೆ. ಎಚ್‌ಎಸ್‌ಪಿ 70, ಎಚ್‌ಎಸ್‌ಪಿ 90 ಎಂದು ಅವುಗಳ ಹೆಸರು; ಎಚ್‌ಎಸ್‌ಪಿ ಎಂದರೆ ಹೀಟ್ ಶಾಕ್ ಪ್ರೋಟೀನ್. ಅಂಕಿ ಅವುಗಳ ಅಣುತೂಕದ್ದು. ಇಷ್ಟೆಲ್ಲ ದುಡಿದೂ ತೂಕ ಹೇಳಿಯೇ ಕರೆಸಿಕೊಳ್ಳುವ ಕರ್ಮ ಪಾಪ ಅವಕ್ಕೆ.

ಇವುಗಳನ್ನು ಎಬ್ಬಿಸುವ ಬಗೆಯನ್ನು ಮದುವೆಮನೆಯಲ್ಲಿಟ್ಟು ನೋಡಬಹುದು. ತುಂಟ ಹುಡುಗನೊಬ್ಬನ ಕೈಯನ್ನು ಅತ್ತೆ ಗಟ್ಟಿಯಾಗಿ ಹಿಡಿದು ಕೂರಿಸಿದ್ದಾಳೆ. ದಿಬ್ಬಣ ನುಗ್ಗುತ್ತದೆ, ಅತ್ತೆ ಕೈಬಿಟ್ಟು ಅಡುಗೆಮನೆಗೆ ಓಡುತ್ತಾಳೆ. ಹುಡುಗ ಇನ್ನಿಬ್ಬರನ್ನು ಸೇರಿಸಿಕೊಂಡು ಮೈಕಿನ ಮುಂದೆ ನಿಂತು 'ಅತ್ತೆಯಂದಿರೆಲ್ಲ ಬನ್ನಿ' ಎಂದು ಕೂಗುತ್ತಾನೆ. ಸಾಕಷ್ಟು ಮಂದಿ ಬಂದು, ಕೆಲಸ ಹಗುರಾದ ಮೇಲೆ ಅವರಲ್ಲೊಬ್ಬಳು ಮತ್ತೆ ಅವನ ಕೈ ಹಿಡಿಯುತ್ತಾಳೆ; ಮೈಕು ನಿಲ್ಲುತ್ತದೆ. ಸೆಕೆಯೇ ದಿಬ್ಬಣ, ಅತ್ತೆಯೇ ಎಚ್‌ಎಸ್‌ಪಿ. ಎಚ್‌ಎಸ್‌ಎಫ್ 1 ಎಂಬ ಇನ್ನೊಂದು ಪ್ರೋಟೀನೇ ಆ ಹುಡುಗ; ಅವನು ಮೂವರಾಗಿ ಜೋಡಿಕೊಂಡು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಎಬ್ಬಿಸುತ್ತಾನೆ.

ದಿಬ್ಬಣ ತಿಂಗಳುಗಟ್ಟಲೆ ಹೋಗದಿದ್ದರೆ? ನಮ್ಮ ಕೊರಮೀನನ್ನು ಕೇಳಬೇಕು. ಗಾಳಿಯನ್ನೇ ನುಂಗಿ ಉಸಿರಾಡಬಲ್ಲ ಗಟ್ಟಿ ಆಸಾಮಿ ಅದು. ಪೂರ್ವ ಭಾರತದ ಬಿಸಿನೀರ ಬುಗ್ಗೆಯೊಂದರಿಂದ ಹರಿದ 36 ಡಿಗ್ರಿ ನೀರಿನಲ್ಲೂ ಇದು ಸಂಸಾರ ಹೂಡಿದೆ. ಸುಮಾರು 25 ಡಿಗ್ರಿಯ ಕೊಳದ ಕೊರಮೀನುಗಳನ್ನು 36 ಡಿಗ್ರಿ ಶಾಖದಲ್ಲಿ 30 ದಿನದವರೆಗೆ ಇಟ್ಟು ವಿಜ್ಞಾನಿಗಳು ಅವುಗಳ ಯಕೃತ್ತನ್ನು ಪರೀಕ್ಷಿಸಿದರು. ಮೊದಲ ದಿನಗಳ ತುರ್ತಿಗೆ ಎದ್ದ ಜೀನುಗಳೇ ಕೊನೆಯವರೆಗೂ ಅದೇ ಜೋರಿನಲ್ಲಿ ದುಡಿಯುವುದಿಲ್ಲ. ಧಾವಂತದ ತಂಡ ಬೇರೆ, ದೀರ್ಘಕಾಲದ ತಂಡ ಬೇರೆ.

ನಮ್ಮ ಸಂತೆಗಳಲ್ಲಿ ಜಿಲೇಬಿ ಎಂದು ಮಾರಾಟವಾಗುವ ತಿಲಾಪಿಯಾದ ಕತೆ ಇನ್ನೂ ವಿಚಿತ್ರ. ಅದರ ಎಳೆ ಮರಿಗಳನ್ನು 36 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಸಿದರೆ, ಹೆಣ್ಣಾಗಬೇಕೆಂದು ಹುಟ್ಟಿದವುಗಳಲ್ಲಿ ಹಲವು ಗಂಡಾಗಿಬಿಡುತ್ತವೆ. ಹೆಣ್ಣಿನ ಹಾರ್ಮೋನು ತಯಾರಿಸುವ ಅರೊಮಟೇಸ್ ಜೀನು ಶಾಖಕ್ಕೆ ತೆಪ್ಪಗಾಗುವುದೇ ಕಾರಣ. ಜಾತಕ ಬರೆದಾದ ಮೇಲೂ ಬಿಸಿಲು ಅದನ್ನು ತಿದ್ದುತ್ತದೆ.

ಹಾಗಿದ್ದರೆ ತಲೆಮಾರು ಕಳೆದಂತೆ ಮೀನುಗಳು ಸೆಕೆಗೆ ಪಳಗಲಾರವೇ? ಇದರ ಉತ್ತರಕ್ಕೆ ನಮ್ಮ ಉಪಖಂಡದ ಝೀಬ್ರಾ ಮೀನು ನಾರ್ವೆಯವರೆಗೆ ಹೋಗಬೇಕಾಯಿತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ನಮ್ಮ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬೆಳೆ, ತೆರಿಗೆ, ಜಾತಿ ಏನನ್ನೂ ಬಿಡದೆ ಬರೆದುಕೊಂಡ ಫ್ರಾನ್ಸಿಸ್ ಬುಕಾನನ್ನನೇ 1822ರಲ್ಲಿ ಗಂಗೆಯ ಮೀನುಗಳ ಪುಸ್ತಕದಲ್ಲಿ ಈ ಪಟ್ಟೆಪಟ್ಟೆ ಮೀನನ್ನೂ ದಾಖಲಿಸಿದವನು. ಪಶ್ಚಿಮ ಬಂಗಾಳದಲ್ಲಿ ಹಿಡಿದ ಮೀನುಗಳ ವಂಶವನ್ನು ಟ್ರಾಂಡ್‌ಹೈಮ್‌ನ ವಿಜ್ಞಾನಿಗಳು ಆರು ತಲೆಮಾರು, ಹೆಚ್ಚು ಸೆಕೆ ತಡೆಯುವವನ್ನೇ ಆರಿಸಿ ಆರಿಸಿ ಬೆಳೆಸಿದರು. ಪರೀಕ್ಷಿಸಿದ ಮೀನುಗಳು 20,000ಕ್ಕೂ ಮೇಲೆ. 2020ರಲ್ಲಿ ಫಲಿತಾಂಶ ಬಂತು. ಸೆಕೆ ತಡೆಯುವ ಶಕ್ತಿ ಏರಿದ್ದು ತಲೆಮಾರಿಗೆ 0.04 ಡಿಗ್ರಿ. ಒಂದೇ ಒಂದು ಡಿಗ್ರಿ ಏರಲು ಈ ಲೆಕ್ಕದಲ್ಲಿ 25 ತಲೆಮಾರು! ಉಲ್ಟಾ ಆರಿಸಿ, ಸೆಕೆ ತಡೆಯದ ಮೀನುಗಳ ವಂಶ ಬೆಳೆಸಿದಾಗ ಮಾತ್ರ ಆ ಶಕ್ತಿ ಸಲೀಸಾಗಿ, ಇದರ ಮೂರು ಪಟ್ಟು ಕೆಳಗಿಳಿಯಿತು. ಸಹನೆ ಗಳಿಸುವುದು ಕಷ್ಟ, ಕಳೆದುಕೊಳ್ಳುವುದು ಸುಲಭ ಎಂದು ತಿಳಿಯಲು ಇಷ್ಟೊಂದು ಮೀನು ಖರ್ಚು ಮಾಡಬೇಕಿರಲಿಲ್ಲ. ಯಾವುದೇ ಕೂಡುಕುಟುಂಬದ ಸೊಸೆಯನ್ನು ಕೇಳಿದ್ದರೆ ಸಾಕಿತ್ತು.

ಸಹಿಸುವವರು ಪುಕ್ಕಟೆ ಸಹಿಸುತ್ತಾರೆಂಬುದು ನೋಡುವವರ ಭ್ರಮೆ. ಮಡಿಕೆ ಸರಿಪಡಿಸಲು ಮೀನು ಸುರಿಯುವ ಶಕ್ತಿ ಬೆಳೆಯುವುದಕ್ಕೆ, ಮೊಟ್ಟೆಯಿಡುವುದಕ್ಕೆ ಎತ್ತಿಟ್ಟ ಗಂಟಿನದೇ. ನಾವೋ, ಕೆರೆಗೆ ಚರಂಡಿ ತಿರುಗಿಸಿ ಇದ್ದ ಆಮ್ಲಜನಕವನ್ನೂ ತೆಗೆಯುತ್ತೇವೆ. ವಾಕಿಂಗ್ ಪಥಕ್ಕೆಂದು ದಡದ ಮರ ಕಡಿದು, ಅದೇ ಪಥದಲ್ಲಿ ನಡೆಯುತ್ತ 'ಏನು ಸೆಕೆ' ಎನ್ನುತ್ತೇವೆ. ಇಪ್ಪತ್ತೈದು ತಲೆಮಾರಿನ ಕೆಲಸವನ್ನು ಮೀನಿಗೆ ವಹಿಸುವ ಮೊದಲು ಒಂದು ಮಳೆಗಾಲದಲ್ಲಿ ಮುಗಿಯುವ ಕೆಲಸವನ್ನು ನಾವು ಮಾಡಬಹುದು: ಕೆರೆಯ ದಡದಲ್ಲಿ ನಾಲ್ಕು ಹೊಂಗೆ ಸಸಿ ನೆಟ್ಟು, ಚರಂಡಿಯ ಬಾಯಿ ಬೇರೆ ಕಡೆಗೆ ತಿರುಗಿಸುವುದು.