‘ಇರ್ಲಿ ಬಿಡಿ’ ರಾಯರು

ನಮ್ಮ ಬಡಾವಣೆಯ ಪಾರ್ಕಿನ ಗೇಟಿನಲ್ಲಿ ಮೂರು ತಿಂಗಳಿಗೊಂದು ಭಾನುವಾರ ಇ-ತ್ಯಾಜ್ಯ ಸಂಗ್ರಹ ನಡೆಯುತ್ತದೆ. ಕೆಟ್ಟ ಟೀವಿ, ಸತ್ತ ಮೊಬೈಲು, ಉಬ್ಬಿದ ಬ್ಯಾಟರಿ ಎಲ್ಲ ತಂದುಕೊಡಿ ಎಂಬ ಬ್ಯಾನರ್ ಕಟ್ಟುವ ಕೆಲಸ ನನ್ನದು. ಎರಡನೇ ಗಂಟು ಬಿಗಿಯುವಷ್ಟರಲ್ಲಿ ರಾಯರು ಹಾಜರು. ಕೊಡಲು ಬಂದು ತೆಗೆದುಕೊಂಡು ಹೋಗುವ ಇಂಥವರೊಬ್ಬರು ನಿಮ್ಮ ಬೀದಿಯಲ್ಲೂ ಇದ್ದೇ ಇರುತ್ತಾರೆ. ಒಂದು ಕೆಟ್ಟ ಇಸ್ತ್ರಿಪೆಟ್ಟಿಗೆ ಇಳಿಸುತ್ತಾರೆ. ರಾಶಿಯಿಂದ ಯಾರದ್ದೋ ಮೂರು ವೈರು, ಒಂದು ಸ್ಪೀಕರು ಕೈಚೀಲ ಸೇರುತ್ತವೆ. “ಇರ್ಲಿ ಬಿಡಿ, ಯಾವುದಕ್ಕಾದ್ರೂ ಬರುತ್ತೆ.”

ಅವರ ಮನೆಯ ಅಟ್ಟ ನೋಡಿದ್ದೇನೆ. ಬೂಟಿನ ಡಬ್ಬದ ತುಂಬ ಚಾರ್ಜರು, ಒಂದೊಂದಕ್ಕೂ ಚೀಟಿ, ಮುತ್ತಿನಂಥ ಅಕ್ಷರ. ಮುಕ್ಕಾಲು ಪಾಲು ಚೀಟಿಗಳಲ್ಲಿ ಬರೆದಿರುವುದು ‘ಯಾವುದರದ್ದೋ’ ಎಂದು. ಅಮೆರಿಕದ ಮಗ ತಂದ ಕಾಫಿ ಯಂತ್ರವೂ ಅಲ್ಲೇ ಇದೆ. ಅದು ಅಲ್ಲಿಯ 120 ವೋಲ್ಟಿಗೆ ಹುಟ್ಟಿದ್ದು. ಇಲ್ಲಿಯ 230ಕ್ಕೆ ಸಿಕ್ಕಿಸಿದ ಕೂಡಲೇ ಒಮ್ಮೆ ಹೊಗೆ ಬಿಟ್ಟು ಸುಮ್ಮನಾಯಿತು. ಆದ್ದರಿಂದಲೇ ಕೊಡುವಂತಿಲ್ಲ. “ಹೊಸದು ಕಣ್ರೀ, ಒಂದು ಲೋಟ ಕಾಫಿನೂ ಮಾಡಿಲ್ಲ!”

ಕಳೆದ ಸಲ ಮಾತ್ರ ಪವಾಡ. ಟೀವಿ ಕೊಟ್ಟುಬಿಡುತ್ತೇನೆ ಎಂದರು. 1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಶುರುವಾದಾಗ ಕಂತಿನಲ್ಲಿ ಕೊಂಡದ್ದು. ಮರದ ಪೆಟ್ಟಿಗೆ, ಎಳೆದು ಮುಚ್ಚುವ ಬಾಗಿಲು. ಮನಸ್ಸು ಬದಲಾಗುವ ಮೊದಲೇ ಇಳಿಸೋಣವೆಂದು ನಾನೇ ಒಂದು ಕಡೆ ಹಿಡಿದೆ. ಎರಡನೇ ಮಹಡಿ. ಹನುಮಂತ ಸಂಜೀವಿನಿ ಪರ್ವತವನ್ನು ಹೊತ್ತದ್ದು ದೊಡ್ಡದೇ. ಆದರೆ ಅವನಿಗೆ ಮೆಟ್ಟಿಲ ತಿರುವು ಇರಲಿಲ್ಲ, ಮೇಲಿಂದ “ಗೋಡೆಗೆ ತಾಗಿಸ್ಬೇಡಿ” ಅನ್ನುವವರೂ ಇರಲಿಲ್ಲ.

ಗೇಟಿನಲ್ಲಿ ಲಾರಿಯ ಜತೆ ಬಂದಿದ್ದ ಹುಡುಗ ತಿಳಿಸಿ ಹೇಳಿದ: “ಇದನ್ನ ಗುಜರಿಗೆ ಹಾಕ್ಬಾರ್ದು ಸರ್. ಪಿಕ್ಚರ್ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತೆ. ತಾಮ್ರಕ್ಕೋಸ್ಕರ ವೈರು ಸುಡ್ತಾರೆ, ಆ ಹೊಗೆ ವಿಷ.” ರಾಯರು ಹೌದೌದೆಂದು ತಲೆದೂಗಿದರು. ಆಮೇಲೆ, “ಪ್ಲಗ್ ಒಂದು ಬಿಚ್ಕೊಳ್ಳಲಾ?” ಜೇಬಿನಿಂದ ಸ್ಕ್ರೂಡ್ರೈವರ್ ಹೊರಬಂತು. ಪ್ಲಗ್ ಆಯಿತು, ನಾಬ್ ಆಯಿತು, ಸ್ಪೀಕರಿಗೆ ಕೈಹಾಕಿದಾಗ ನನಗೆ ತಡೆಯಲಾಗಲಿಲ್ಲ. “ರಾಯ್ರೇ, ಹೆಣ್ಣು ಕೊಟ್ಟ ಮೇಲೆ ಒಡವೆ ಬಿಚ್ಕೋತೀರಾ?” ಎಂದೆ. ನನ್ನ ಬೀರುವಿನಲ್ಲೇ ಮೂರು ಸತ್ತ ಮೊಬೈಲುಗಳಿವೆ. ಅವುಗಳಲ್ಲಿ ಫೋಟೋ ಇವೆ ಎಂದು ಹೆಂಡತಿಗೆ ಸಮಜಾಯಿಷಿ ಕೊಡುತ್ತಿರುವವನು ನಾನು. ಅದು ಆಗ ನೆನಪಿಗೆ ಬರಲಿಲ್ಲ.

ರಾಯರು ಉತ್ತರ ಕೊಡದೆ ಬಾಗಿಲ ಅಂಚನ್ನು ಅಂಗೈಯಿಂದ ಒರೆಸಿದರು. ಮರದ ಮೇಲೆ ಕಂದು ಕಲೆ. “ಭಾನುವಾರ ಬೆಳಿಗ್ಗೆ ನಮ್ಮಮ್ಮ ಸ್ನಾನ ಮಾಡಿ ಬಂದು ಇಲ್ಲಿ ಕುಂಕುಮ ಇಡ್ತಿದ್ರು. ರಾಮ ಬರೋದಕ್ಕೆ ಮುಂಚೆ.”

ಹುಡುಗ ತೂಕದ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಟೀವಿಯನ್ನು ಎರಡನೇ ಮಹಡಿಗೆ ವಾಪಸು ಹೊತ್ತವರಲ್ಲಿ ಮತ್ತೆ ಒಂದು ಕಡೆ ನಾನೇ.

ಕಥೆ ಅಲ್ಲಿಗೇ ಮುಗಿದಿದ್ದರೆ ಸೊಂಟಕ್ಕೆ ಎಣ್ಣೆ ತಿಕ್ಕಿ ಕ್ಷಮಿಸುತ್ತಿದ್ದೆ. ನಾಲ್ಕನೇ ದಿನ ಸಂಜೆ ಬಾಗಿಲಲ್ಲಿ ರಾಯರು, ಕೈಯಲ್ಲಿ ನಮ್ಮದೇ ಮಿಕ್ಸಿ! ಅದೇ ಭಾನುವಾರ ನಾನು ರಾಶಿಗೆ ಹಾಕಿದ್ದು. “ಏನೂ ಆಗಿಲ್ಲ ಕಣ್ರೀ, ಕಾರ್ಬನ್ ಬ್ರಶ್ ಸವೆದಿತ್ತು ಅಷ್ಟೆ. ಎಸ್.ಪಿ. ರೋಡಿಗೆ ಹೋಗಿ ತಂದು ಹಾಕ್ದೆ.” ಗುಂಡಿ ತಿರುಗಿಸಿದರು. ಹಳೇ ಮಿಕ್ಸಿ ಗುರ್ರೆಂದಿತು. ಅಡುಗೆಮನೆಯಿಂದ ಇಣುಕಿದ ನನ್ನ ಹೆಂಡತಿ, ನಿನ್ನೆಯಷ್ಟೇ ಕೊಂಡ ಹೊಸ ಮಿಕ್ಸಿಯನ್ನೂ ನನ್ನನ್ನೂ ಒಮ್ಮೆ ನೋಡಿದಳು. ರಾಯರಿಗೆ ಕಾಫಿ ಕೊಟ್ಟಳು, ನನಗೆ ಕೊಡಲಿಲ್ಲ.

ಈಗ ಆ ಮಿಕ್ಸಿ ನಮ್ಮ ಅಟ್ಟದಲ್ಲಿದೆ. ಬರುವ ಭಾನುವಾರ ಮತ್ತೆ ಸಂಗ್ರಹ. ರಾಯರು ಊರಿಗೆ ಗೀರಿಗೆ ಹೋಗುವುದುಂಟೋ ಎಂದು ಮೆಲ್ಲನೆ ವಿಚಾರಿಸಿದೆ. ಇಲ್ಲವಂತೆ, ಬ್ಯಾನರ್ ಕಟ್ಟುವುದಕ್ಕೂ ಅವರೇ ಬರುತ್ತಾರಂತೆ.