ಹೋದ್ಸಲದ ರಾಯರು

ಬೇಸಿಗೆ ಪ್ರವಾಸದ ಬಸ್ಸೆಂದರೆ ಡ್ರೈವರು, ಕ್ಲೀನರು, ಅಡುಗೆಭಟ್ಟರ ಜೊತೆಗೆ ಒಬ್ಬ ಹೋದ್ಸಲದ ರಾಯರೂ ಇರಲೇಬೇಕು. ಬಸ್ಸು ಹೊರಡುವ ಒಂದು ಗಂಟೆ ಮುಂಚೆಯೇ ಬಂದು ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಸಿರುತ್ತಾರೆ. ನಾವು ನೋಡಲು ಹೊರಟ ಊರನ್ನೆಲ್ಲ ಅವರು ನೋಡಿಯಾಗಿರುತ್ತದೆ. ಮತ್ತೆ ಈಗ ಯಾಕೆ ಬಂದಿರಿ ಎಂದು ಕೇಳುವ ಹಾಗಿಲ್ಲ. ಬಾದಾಮಿಯಲ್ಲಿ ಕೇಳಿದರೆ ಉತ್ತರ ಐಹೊಳೆ ಬಂದರೂ ಮುಗಿಯುವುದಿಲ್ಲ.

ಹೋದ್ಸಲ ಅಂದರೆ ಹೋದ ವರ್ಷ ಎಂದುಕೊಳ್ಳಬೇಡಿ. 1978.

ಮೈಸೂರು ಬಿಟ್ಟು ಐದು ದಿನ, ಮೂರು ನದಿ: ಮಲಪ್ರಭೆ, ಕೃಷ್ಣೆ, ಕೊನೆಗೆ ತುಂಗಭದ್ರೆ. ಪಟ್ಟದಕಲ್ಲಿನಲ್ಲಿ ಗೈಡು, ಗಂಡ ಕಂಚಿಯ ಪಲ್ಲವರನ್ನು ಗೆದ್ದುಬಂದ ನೆನಪಿಗೆ ಲೋಕಮಹಾದೇವಿ ವಿರೂಪಾಕ್ಷ ಗುಡಿ ಕಟ್ಟಿಸಿದ ಕಥೆ ಹೇಳುತ್ತಿದ್ದ. ರಾಯರು ನನ್ನ ಕಿವಿಯ ಹತ್ತಿರ ಬಂದು, “ಹೋದ್ಸಲ ಇಲ್ಲೇ ಒಬ್ಬಾಕೆ ಬುಟ್ಟೀಲಿ ಜೋಳದ ರೊಟ್ಟಿ, ಕುಡಿಕೇಲಿ ಮೊಸರು ತಂದಿದ್ಲು. ಎಂಥಾ ಮೊಸರು ಸಾರ್!” ಎಂದರು. ನನ್ನ ಪಾಲಿಗೆ ಲೋಕಮಹಾದೇವಿ ಹೋದಳು, ಮೊಸರು ಉಳಿಯಿತು.

ಕೂಡಲಸಂಗಮದಲ್ಲಿ ಮಾತ್ರ ಅವರು ಹೇಳಿದ್ದು ಸರಿ. “ಹೋದ್ಸಲ ನೀರು ಇಷ್ಟು ಹತ್ತಿರ ಇರ್ಲಿಲ್ಲ” ಎಂದರು. ಈಗಿನದು ನಾರಾಯಣಪುರ ಅಣೆಕಟ್ಟಿನ ಹಿನ್ನೀರು. ಬಸವಣ್ಣನವರ ಐಕ್ಯಮಂಟಪ ಮುಳುಗಬಾರದೆಂದು ಅದರ ಸುತ್ತ ಬಾವಿಯ ಹಾಗೆ ಗೋಡೆ ಎಬ್ಬಿಸಿದ್ದಾರೆ. ಒಂದು ಸಲ ಸರಿ ಹೇಳಿದ ತಪ್ಪಿಗೆ ರಾಯರ ಧೈರ್ಯ ಇಮ್ಮಡಿಯಾಯಿತು.

ಕೊನೆಯ ದಿನ ಹಂಪಿ. ಮೇ ತಿಂಗಳ ಬಿಸಿಲು, ಬಂಡೆಯೂ ಕಾದಿತ್ತು, ನಾವೂ ಕಾದಿದ್ದೆವು. ವಿರೂಪಾಕ್ಷನ ಗುಡಿಯಲ್ಲಿ ಗೋಪುರದ ತಲೆಕೆಳಗಾದ ನೆರಳು ಗೋಡೆ ಮೇಲೆ ಬೀಳುತ್ತದಲ್ಲ, ಅದನ್ನು ನೋಡಿ ಎಲ್ಲರೂ ಬಾಯಿ ಬಿಟ್ಟರೆ, “ಹೋದ್ಸಲ ಇನ್ನೂ ಸ್ಪಷ್ಟವಾಗಿತ್ತು” ಎಂದರು ರಾಯರು. ಕಣ್ಣಿನ ಪೊರೆ ವಿಚಾರ ಅವರ ಹೆಂಡತಿ ಎತ್ತಿದರು, ರಾಯರು ಅದನ್ನು ಅಲ್ಲಿಗೇ ಇಳಿಸಿದರು.

ವಿಠ್ಠಲ ಗುಡಿಗೆ ಬ್ಯಾಟರಿ ಗಾಡಿ. “ಹೋದ್ಸಲ ಇದೆಲ್ಲ ಎಲ್ಲಿತ್ತು? ನಡ್ಕೊಂಡೇ ಹೋದ್ವಿ!” ಎನ್ನುತ್ತ ಕ್ಯೂ ತಪ್ಪಿಸಿ ಮುಂದಿನ ಸೀಟಿನಲ್ಲಿ ಕೂತವರು ಅವರೇ. ಸಪ್ತಸ್ವರದ ಕಂಬಗಳನ್ನು ಈಗ ಮುಟ್ಟುವಂತಿಲ್ಲ. ಹೋದ್ಸಲ ರಾಯರು ಬೆರಳಲ್ಲಿ ತಟ್ಟಿ ಸರಿಗಮ ಕೇಳಿಸಿದ್ದರಂತೆ. ಹೀಗೆ ತಟ್ಟಿ ಹೋದವರಿಂದಲೇ ಅಲ್ಲವೇ ನಮಗೆ ಈ ಗತಿ!

ಕಲ್ಲಿನ ರಥದ ಮುಂದೆ ನಿಂತು ಐವತ್ತು ರೂಪಾಯಿ ನೋಟು ತೆಗೆದು, ಅದರಲ್ಲಿನ ರಥವನ್ನೂ ಎದುರಿನ ರಥವನ್ನೂ ಪಕ್ಕಪಕ್ಕ ಹಿಡಿದು ಎಲ್ಲರೂ ಫೋಟೋ ತೆಗೆಯುತ್ತಿದ್ದೆವು. ರಾಯರು ಫೋಟೋಗೆ ಬರಲಿಲ್ಲ, ಹೋದ್ಸಲ ತೆಗೆಸಿಕೊಂಡಿದ್ದರು. ಅಷ್ಟರಲ್ಲಿ ನಮ್ಮ ಗುಂಪಿನ ಮೂರನೇ ಕ್ಲಾಸಿನ ಹುಡುಗಿ ಅವರ ಪಂಚೆ ಜಗ್ಗಿ, “ತಾತ, ಆನೆ ಹಿಂದೆ ಕುದುರೆ ಬಾಲ ಯಾಕಿದೆ?” ಎಂದಳು.

ಬಗ್ಗಿ ನೋಡಿದೆವು. ರಥದ ಮುಂದಿರುವ ಎರಡು ಆನೆಗಳ ಹಿಂದೆ ಕುದುರೆಯ ಹಿಂಗಾಲು, ಬಾಲ ಕಲ್ಲಿನಲ್ಲಿ ಹಾಗೇ ಉಳಿದಿವೆ. ಮೊದಲು ಅಲ್ಲಿದ್ದದ್ದು ಕುದುರೆಗಳು, ಆನೆಗಳನ್ನು ತಂದು ಕೂರಿಸಿದ್ದು ಆಮೇಲೆ. ರಾಯರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೊಮ್ಮೆ ಬಗ್ಗಿದರು. ನಲವತ್ತೈದು ವರ್ಷಕ್ಕೂ ಹೆಚ್ಚು ಕಾಲ ಈ ರಥದ ಕಥೆ ಹೇಳಿದವರು.

“ಹೋದ್ಸಲ ಇರ್ಲಿಲ್ಲ ಮಗೂ” ಎಂದರು.

ವಾಪಸ್ ಬಸ್ಸಿನಲ್ಲಿ ಚಿತ್ರಾನ್ನ ಮುಗಿದ ಮೇಲೆ ಮುಂದಿನ ಬೇಸಿಗೆಗೆ ಕಾವೇರಿ ದಂಡೆ ಎಂದು ನಿಶ್ಚಯವಾಯಿತು: ಶ್ರೀರಂಗಪಟ್ಟಣ, ಸೋಮನಾಥಪುರ, ತಲಕಾಡು. ಅಲ್ಲಿಗೆಲ್ಲ ರಾಯರು ಮೂರು ಸಲ ಹೋಗಿದ್ದಾರೆ. ಮೊದಲು ಮುಂಗಡ ಕೊಟ್ಟವರೂ ಅವರೇ. ಕಿಟಕಿ ಸೀಟು ಅವರದು. ಪಕ್ಕದ ಸೀಟು ಇನ್ನೂ ಖಾಲಿ ಇದೆ, ಬೇಕಾದವರು ದಯವಿಟ್ಟು ಬೇಗ ತಿಳಿಸಿ. ಹೋದ್ಸಲ ಅಲ್ಲಿ ಕೂತಿದ್ದವನು ನಾನು.