ಮಾರ್ಜಾಲಪಥ್ಯ

ಚಾತುರ್ಮಾಸ್ಯದಲ್ಲಿ ಈರುಳ್ಳಿಗೂ ಪ್ರವೇಶವಿಲ್ಲದ ಅಮೆರಿಕದ ಎಡಿಸನ್ ಊರಿನ ನಮ್ಮ ಮನೆಯ ಗ್ಯಾರೇಜಿನ ಫ್ರೀಜರಿನಲ್ಲಿ ಕೋಳಿಯ ತೊಡೆ, ಗುಂಡಿಗೆ, ಯಕೃತ್ತುಗಳು ತಾರೀಖು ಬರೆದ ಡಬ್ಬಿಗಳಲ್ಲಿ ವಿರಾಜಮಾನವಾಗಿರುವುದನ್ನು ಕಂಡು ಬಂದವರು ಬೆರಗಾಗುವುದುಂಟು. ಕಾಲೇಜಿಗೆ ಹೊರಟ ಮಗಳು ಪುಸ್ತಕಗಳನ್ನು ಒಯ್ದು ಬೆಕ್ಕನ್ನು ಬಿಟ್ಟುಹೋದಳೆಂಬುದೇ ಇದರ ಸಮಸ್ತ ಇತಿಹಾಸ. ಅಂದಿನಿಂದ ಗ್ಯಾರೇಜು ಮೈಲಿಗೆಯ ಪ್ರಾಂತ, ಅಡುಗೆಮನೆ ಮಡಿಯ ಪ್ರಾಂತ. ನಡುವಣ ನಲ್ಲಿಯೇ ಗಡಿಯ ಸುಂಕದಕಟ್ಟೆ. ಬೆಕ್ಕಿನ ಹೆಸರು ಸುಬ್ಬಿ. ವಯಸ್ಸು ಹದಿನಾಲ್ಕು; ಎಂದರೆ ಮನುಷ್ಯರ ಲೆಕ್ಕದಲ್ಲಿ ಎಪ್ಪತ್ತು ದಾಟಿ, ಮೈಸೂರಿನಿಂದ ಬಂದಿರುವ ನಮ್ಮ ಮಾವನವರಿಗೆ ಸರಿಸುಮಾರು ಸಮವಯಸ್ಕೆ.

ಮಾವನವರಿಗೆ ಈ ಏರ್ಪಾಡಿನಲ್ಲಿ ಮೊದಲಿನಿಂದಲೂ ಶ್ರದ್ಧೆಯಿಲ್ಲ. ಅಗ್ರಹಾರದ ತಮ್ಮ ಮನೆಯ ಬೆಕ್ಕುಗಳು ಮೊಸರನ್ನವನ್ನೇ ಉಂಡು ಪುತ್ರಪೌತ್ರಾಭಿವೃದ್ಧಿಯನ್ನು ಹೊಂದಿದುವೆಂದು ಅವರ ವಾದ. ಅಟ್ಟದ ಇಲಿಗಳನ್ನು ಸಾಕ್ಷ್ಯಕ್ಕೆ ಕರೆದಿದ್ದರೆ ಆ ಸಾತ್ತ್ವಿಕ ವೃತ್ತಿಯ ವಿಷಯದಲ್ಲಿ ಬೇರೆಯೇ ಹೇಳಿಕೆ ದೊರೆಯುತ್ತಿತ್ತೆಂದು ನನ್ನ ಗುಮಾನಿ. ಟಾರಿನ್ ಎಂಬ ದ್ರವ್ಯವನ್ನು ಬೆಕ್ಕು ತನ್ನ ದೇಹದಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು. ಅನ್ನದಲ್ಲಾಗಲಿ ಬೇಳೆಯಲ್ಲಾಗಲಿ ಅದು ಇಲ್ಲ. ಅದರ ಅಭಾವದಿಂದ ಬೆಕ್ಕಿನ ಹೃದಯ ಊದಿಕೊಂಡು ಬಲಗುಂದುವುದೆಂಬುದನ್ನು ಡೇವಿಸ್ಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪಶುವೈದ್ಯರು 1987ರಲ್ಲಿ ತೋರಿಸಿಕೊಟ್ಟರು. ಇದನ್ನು ವಿವರಿಸಿದಾಗ ಮಾವನವರು, ಅಗ್ರಹಾರದ ಬೆಕ್ಕುಗಳು ಇಂಗ್ಲಿಷ್ ಓದಿರಲಿಲ್ಲವೆಂದು ಮಾತ್ರ ಹೇಳಿ ಸುಮ್ಮನಾದರು.

ಈಚೆಗೆ ಸುಬ್ಬಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.1 ಎಂದು ಬಂತು. ಮುಪ್ಪಿನ ಬೆಕ್ಕುಗಳಿಗೆ ಸಾಮಾನ್ಯವಾಗಿ ಬರುವ ಮೂತ್ರಪಿಂಡದ ದೌರ್ಬಲ್ಯ. ಎಲುಬುಸಹಿತ ಅರೆದ ಹಸಿಮಾಂಸವನ್ನು ಕೊಡುವ ನಮ್ಮ ಪದ್ಧತಿಯನ್ನು ಮೊದಲೇ ಮೆಚ್ಚದಿದ್ದ ಡಾಕ್ಟರಮ್ಮ, 2024ರ ಡಿಸೆಂಬರಿನಲ್ಲಿ ಆರೆಗಾನ್ ರಾಜ್ಯದಲ್ಲಿ ಹಸಿ ಟರ್ಕಿಯನ್ನು ತಿಂದ ಸಾಕುಬೆಕ್ಕೊಂದು ಹಕ್ಕಿಜ್ವರದಿಂದ ಸತ್ತುದನ್ನು ನೆನಪಿಸಿ, ಮಾಂಸವನ್ನು ಬೇಯಿಸಬೇಕೆಂದೂ, ನೀರಿಗಿಳಿಯುವ ಟಾರಿನ್ ನಷ್ಟವಾಗದಂತೆ ಬೆಂದ ರಸವನ್ನೂ ಬೆರೆಸಬೇಕೆಂದೂ, ಎಲುಬಿನಲ್ಲಿ ರಂಜಕ ಹೇರಳವಾಗಿರುವುದರಿಂದ ಅದನ್ನು ತ್ಯಜಿಸಿ, ಸುಣ್ಣದಂಶಕ್ಕಾಗಿ ಮೊಟ್ಟೆಯ ಸಿಪ್ಪೆಯ ಪುಡಿಯನ್ನು ತಾವು ಬರೆದುಕೊಟ್ಟ ಪ್ರಮಾಣದಲ್ಲಿ ಹಾಕಬೇಕೆಂದೂ ಆಜ್ಞಾಪಿಸಿದರು.

ಮೊಟ್ಟೆ ತಿನ್ನದವರಿಗೆ ಸಿಪ್ಪೆ ಎಲ್ಲಿಂದ ಬರಬೇಕು? ಹುಬ್ಬಳ್ಳಿಯ ಬ್ರಹ್ಮಚಾರಿಯೊಬ್ಬ ನಾಲ್ಕು ಮನೆಯಾಚೆ ಇದ್ದಾನೆ. ನಮ್ಮ ಸುಬ್ಬಿಯ ಆರೋಗ್ಯಕ್ಕಾಗಿ ದಿನವೂ ಆಮ್ಲೆಟ್ ತಿನ್ನುವ ವ್ರತವನ್ನು ಕೈಗೊಂಡ ಆ ಪುಣ್ಯಾತ್ಮ, ತೊಳೆದು ಒಣಗಿಸಿದ ಸಿಪ್ಪೆಗಳನ್ನು ಭಾನುವಾರ ತಂದೊಪ್ಪಿಸಿ, ಪ್ರತಿಫಲವಾಗಿ ಬಿಸಿಬೇಳೆಬಾತನ್ನು ಕಟ್ಟಿಸಿಕೊಂಡು ಹೋಗುತ್ತಾನೆ. “ಚಿಂತಿ ಮಾಡಬ್ಯಾಡ್ರಿ ಸರ್, ಬೇಕಾದ್ರ ದಿನಕ್ಕ ಎರಡು ತಿಂತೀನಿ” ಎಂದು ಆಶ್ವಾಸನವನ್ನೂ ಕೊಟ್ಟಿದ್ದಾನೆ.

ಆದರೆ ಮನೆಯ ಶಾಂತಿಯನ್ನು ಕದಡಿದ್ದು ಸಿಪ್ಪೆಯಲ್ಲ, ಮಾಂಸದ ಪ್ರಮಾಣ. ಮುದಿಬೆಕ್ಕು ಬೇಗ ಮಾಂಸಖಂಡ ಕರಗಿ ಬಡಕಲಾಗುವುದರಿಂದ ರಂಜಕವನ್ನು ಇಳಿಸಬೇಕೇ ಹೊರತು ಪ್ರೋಟೀನನ್ನು ವೃಥಾ ಇಳಿಸಕೂಡದೆಂದು ಡಾಕ್ಟರಮ್ಮನ ಕಟ್ಟಪ್ಪಣೆ.

“ಏನು ಅಳಿಯಂದಿರೇ, ನನಗೆ 1.9 ಬಂದಾಗ ತೊಗರಿಬೇಳೆಯನ್ನು ಕಿತ್ತುಕೊಂಡರು. ಇದಕ್ಕೆ 2.1 ಬಂದರೂ ಕೋಳಿ ನಿಲ್ಲಲಿಲ್ಲವಲ್ಲ!” ಎಂದರು ಮಾವನವರು.

ಇದಕ್ಕೆ ಸಮರ್ಪಕವಾದ ಉತ್ತರ ನನ್ನಲ್ಲಿರಲಿಲ್ಲ. ಮೇಲಾಗಿ ಸುಬ್ಬಿ ಹೊಸ ಅಡುಗೆಯನ್ನು ಮೂಸಿ, ಬಾಲವೆತ್ತಿ ಹೊರಟುಹೋಗುತ್ತಿದ್ದಳು. ಬೆಕ್ಕು ಕೆಲವು ದಿನ ಅನ್ನಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ಸೇರಿ ಪ್ರಾಣಕ್ಕೇ ಸಂಚಕಾರ. ಏಕಾದಶಿ ಮಾವನವರಿಗೆ ಶ್ರೇಯಸ್ಕರವಾದರೂ ಸುಬ್ಬಿಗೆ ಮಾರಕ. ಆದುದರಿಂದ ನನ್ನ ಹೆಂಡತಿ ಹಳೆಯ ಆಹಾರದಲ್ಲಿ ಹೊಸದನ್ನು ಚಮಚ ಚಮಚವಾಗಿ ಬೆರೆಸಿ, ವಾಸನೆಯೇಳುವಂತೆ ಬೆಚ್ಚಗೆ ಮಾಡಿ, ಸೋಫಾದವರೆಗೂ ಬಟ್ಟಲನ್ನು ಒಯ್ದು, ಬೇಡಿಕೊಂಡು ತಿನ್ನಿಸುತ್ತಿದ್ದಳು. ಉಪ್ಪು ಕಡಿಮೆಯಾದ ತಮ್ಮ ಊಟದ ಮುಂದೆ ಕುಳಿತು ಮಾವನವರು ಈ ಉಪಚಾರವನ್ನೆಲ್ಲ ಮೌನವಾಗಿ ಅಧ್ಯಯನ ಮಾಡುತ್ತಿದ್ದರು.

ಒಂದು ರಾತ್ರಿ ಅವರು ತಿಳಿಸಾರನ್ನು ಮೂಸಿ ನೋಡಿ, ತುಟಿಬಿಚ್ಚದೆ ಎದ್ದು, ಸೋಫಾದ ತುದಿಯಲ್ಲಿ ನಮಗೆ ಬೆನ್ನು ತಿರುಗಿಸಿ ಕುಳಿತರು. “ಅಣ್ಣಾ, ಏಳಿ, ಊಟಕ್ಕೆ ಬನ್ನಿ” ಎಂದು ನನ್ನ ಹೆಂಡತಿ ತಂದೆಯನ್ನು ಎಷ್ಟು ಕರೆದರೂ ಅವರ ಕಿವಿ ಅಲುಗಲಿಲ್ಲ. ಕಡೆಗೆ ಸಾರು ಮತ್ತೆ ಬಿಸಿಯಾಯಿತು. ಅದಕ್ಕೆ ತುಪ್ಪದಲ್ಲಿ ಇಂಗಿನ ಒಗ್ಗರಣೆ ಬಿತ್ತು. ಬಹುಕಾಲದಿಂದ ನಿಷಿದ್ಧವಾಗಿದ್ದ ಮಾವಿನಮಿಡಿಯ ಒಂದು ಚೂರು, ಬೆಕ್ಕಿನದಲ್ಲದ ತಕ್ಕಡಿಯಲ್ಲಿ ತೂಗಿಸಿಕೊಂಡು, ತಟ್ಟೆಯ ಅಂಚಿನಲ್ಲಿ ಸೋಫಾದವರೆಗೆ ನಡೆದುಬಂತು.